ಡ್ರೋನ್ ಚಿತ್ರದಿಂದ ಸಾವಯವ ಇಂಗಾಲದ ನಕ್ಷೆ: ಎರೆ, ಮಸಾರಿ ಎರಡೂ ಇರುವ ಕಡೆ ಲೆಕ್ಕ ಯಾಕೆ ಕೂಡುತ್ತಿಲ್ಲ?

ಮಸಾರಿ_ಜಗಳೂರು

ನಮಸ್ಕಾರ. ಜಗಳೂರು ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ ರೈತ ಉತ್ಪಾದಕರ ಕಂಪನಿಯ ಸದಸ್ಯರ ಸುಮಾರು 300 ಎಕರೆಗೆ ಸಾವಯವ ಇಂಗಾಲದ ನಕ್ಷೆ ಆಗಬೇಕಿದೆ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ಸೆಣಬು, ಡಯಾಂಚ ಯಾವ ಹೊಲಕ್ಕೆ ಮೊದಲು ಅನ್ನೋದನ್ನು ಅದರ ಮೇಲೆ ತೀರ್ಮಾನ ಮಾಡುವ ಯೋಚನೆ. ಜಮೀನು ಹೆಚ್ಚುಕಡಿಮೆ ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಮಸಾರಿಯಲ್ಲಿ ಮುಂಗಾರಿಗೆ ಮೆಕ್ಕೆಜೋಳ, ಶೇಂಗಾ. ಎರೆಯಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ.

ಡ್ರೋನಿಗೆ ಐದು ಬ್ಯಾಂಡಿನ (ಬೆಳಕಿನ ಐದು ಅಲೆಯುದ್ದಗಳನ್ನು ಬೇರೆ ಬೇರೆಯಾಗಿ ಹಿಡಿಯುವ) ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಇದೆ: ನೀಲಿ 475, ಹಸಿರು 560, ಕೆಂಪು 668, ರೆಡ್ ಎಡ್ಜ್ 717, ನಿಯರ್ ಇನ್‌ಫ್ರಾರೆಡ್ 842 ನ್ಯಾನೊಮೀಟರ್. ಜೊತೆಗೆ 40 ಮಾದರಿಗಳ ಲ್ಯಾಬ್ ವರದಿ ಇದೆ. ಸಾವಯವ ಇಂಗಾಲ ಶೇ 0.28ರಿಂದ 0.71ರವರೆಗೆ. ರ‍್ಯಾಂಡಮ್ ಫಾರೆಸ್ಟ್ ಮಾಡೆಲ್ (ಮಾದರಿಗಳಿಂದ ಕಲಿತು ಉಳಿದ ಜಾಗದ ಅಂಕಿ ಅಂದಾಜಿಸುವ ಕಂಪ್ಯೂಟರ್ ಲೆಕ್ಕ) ಕಟ್ಟಿದರೆ ಮೊದಲ ಹಳ್ಳಿಗೆ ಚೆನ್ನಾಗಿ ಕೂಡುತ್ತದೆ. ಅದನ್ನೇ ಪಕ್ಕದ ಹಳ್ಳಿಗೆ ಹಾಕಿದರೆ ಎರೆ ಹೊಲವೆಲ್ಲ "ಹೆಚ್ಚು", ಮಸಾರಿಯೆಲ್ಲ "ಕಡಿಮೆ" ಅಂತ ಬರುತ್ತದೆ. ಲ್ಯಾಬ್ ವರದಿ ನೋಡಿದರೆ ಊರ ಹತ್ತಿರದ ಮಸಾರಿಯೇ ಎಷ್ಟೋ ಕಡೆ ಎರೆಗಿಂತ ಮೇಲಿದೆ.

ಈ ಕೆಲಸಕ್ಕೆ ಐದು ಬ್ಯಾಂಡ್ ಸಾಕೇ? ಹಾರಿಸಲು ಯಾವ ತಿಂಗಳು ಸರಿ? ಮಾದರಿ ಇನ್ನೆಷ್ಟು ಬೇಕು? ಮುಂದೆ ಇದೇ ನಕ್ಷೆಯನ್ನು ಕಾರ್ಬನ್ ಕ್ರೆಡಿಟ್ಟಿಗೆ (ಮಣ್ಣಿನಲ್ಲಿ ಇಂಗಾಲ ಹೆಚ್ಚಿಸಿದ್ದಕ್ಕೆ ಸಿಗುವ ಹಣಕ್ಕೆ) ತೋರಿಸಬಹುದೇ ಅಂತಲೂ ಕೆಲವು ಸದಸ್ಯರು ಕೇಳುತ್ತಿದ್ದಾರೆ.

ಎರೆಮಣ್ಣು

ನಿಮ್ಮ ಮಾಡೆಲ್ ಇಂಗಾಲವನ್ನು ನೋಡುತ್ತಿಲ್ಲ, ಮಣ್ಣಿನ ಜಾತಿಯನ್ನು ನೋಡುತ್ತಿದೆ. ಮೊದಲ ಹಳ್ಳಿಯಲ್ಲಿ ಅದು ಕೂಡಿದ್ದು, ಅಲ್ಲಿನ ಮಾದರಿಗಳಲ್ಲಿ ಕಪ್ಪು ಮಣ್ಣಿಗೂ ಹೆಚ್ಚು ಇಂಗಾಲಕ್ಕೂ ಆಕಸ್ಮಿಕವಾಗಿ ತಾಳೆ ಬಿದ್ದಿದ್ದರಿಂದ.

ಸಾವಯವ ಪದಾರ್ಥ ಹೆಚ್ಚಾದರೆ ಮಣ್ಣು ಕಪ್ಪಾಗುತ್ತದೆ ಅನ್ನೋದು ನಿಜ. ಸುಮಾರು 400ರಿಂದ 800 ನ್ಯಾನೊಮೀಟರ್ ಉದ್ದಕ್ಕೂ ಪ್ರತಿಫಲನ ತಗ್ಗುತ್ತದೆ. ಅದರಲ್ಲೂ 550ರಿಂದ 750ರ ನಡುವೆ ಪ್ರತಿಫಲನದ ರೇಖೆಯ ಆಕಾರವೇ ಬದಲಾಗುತ್ತದೆ. ಆದರೆ ಮಣ್ಣನ್ನು ಕಪ್ಪಾಗಿಸುವುದು ಅದೊಂದೇ ಅಲ್ಲ. ಎರೆಯಲ್ಲಿ ಇರುವಷ್ಟು ಹ್ಯೂಮಸ್ಸು ಸ್ಮೆಕ್ಟೈಟ್ ಎಂಬ ಜೇಡಿಗೆ ಬಿಗಿಯಾಗಿ ಅಂಟಿಕೊಂಡು, ಕಪ್ಪು ಖನಿಜದ ಕಣಗಳೂ ಸೇರಿ ಆ ಬಣ್ಣ ಬರುತ್ತದೆ. ಹಾಗಾಗಿ ಶೇ 0.4 ಇಂಗಾಲದ ಎರೆ ಕೂಡ ಶೇ 0.7 ಇರುವ ಮಸಾರಿಗಿಂತ ಕಪ್ಪಾಗಿಯೇ ಕಾಣುತ್ತದೆ. ಮಸಾರಿಯ ಕಥೆ ಬೇರೆ. ಅಲ್ಲಿ ಕಬ್ಬಿಣದ ಆಕ್ಸೈಡ್ 530ರ ಆಸುಪಾಸಿನಲ್ಲೂ 870-900ರಲ್ಲೂ ಬೆಳಕು ಹೀರುತ್ತದೆ. ನಿಮ್ಮ 475, 560, 842 ಮೂರೂ ಬ್ಯಾಂಡು ಕಬ್ಬಿಣದ ಪ್ರಭಾವದಲ್ಲೇ ಕೂತಿವೆ. ಆದ್ದರಿಂದ ಎರೆಗೊಂದು, ಮಸಾರಿಗೊಂದು ಮಾಡೆಲ್ ಇರಲಿ. ಎರಡೂ ಬೆರೆತ ಅಂಚಿನ ಹೊಲಗಳನ್ನು ಯಾವುದಕ್ಕೂ ಸೇರಿಸಬೇಡಿ.

ದಾವಣಗೆರೆ ಜಿಲ್ಲೆ ಸುಜಲಾ-3 ಜಲಾನಯನ ಯೋಜನೆಯಲ್ಲಿ ಇತ್ತು. ಅದರಲ್ಲಿ ಸರ್ವೆ ನಂಬರ್ ಮಟ್ಟದ ಭೂಸಂಪನ್ಮೂಲ ನಕ್ಷೆಗಳನ್ನು 1:7920 ಅಳತೆಯಲ್ಲಿ ಮಾಡಿದ್ದಾರೆ. ನಿಮ್ಮ ಕಿರುಜಲಾನಯನಕ್ಕೆ ಅಂಥ ನಕ್ಷೆ ಇದ್ದರೆ ಅದರ ಮಣ್ಣಿನ ಗಡಿಗಳ ಮೇಲೆ ಹೊಲಗಳನ್ನು ವಿಂಗಡಿಸಿ. ಡ್ರೋನ್ ಚಿತ್ರ ನೋಡಿ ಕಣ್ಣಂದಾಜಿಗೆ ವಿಂಗಡಿಸುವುದಕ್ಕಿಂತ ಅದು ವಾಸಿ.

ಐದು ಬ್ಯಾಂಡ್ ಸಾಕೇ ಅಂದಿರಿ. ಒಂದೇ ಜಾತಿಯ ಮಣ್ಣು, ಒಂದೇ ದಿನದ ಹಾರಾಟ, ಒಣಗಿದ ಬರಿ ನೆಲ, ಈ ಮೂರೂ ಕೂಡಿದರೆ ಹೊಲವನ್ನು ಹೆಚ್ಚು-ಮಧ್ಯಮ-ಕಡಿಮೆ ಪಟ್ಟಿಗಳಾಗಿ ಹಂಚಲು ಸಾಕು. ಶೇಕಡಾ ಅಂಕಿ ಬರೆಯಲು ಸಾಲದು. ಸಾವಯವ ಪದಾರ್ಥದ ಸ್ವಂತ ಗುರುತುಗಳು ಶಾರ್ಟ್‌ವೇವ್ ಇನ್‌ಫ್ರಾರೆಡ್‌ನಲ್ಲಿ, ಅಂದರೆ 1730 ಮತ್ತು 2300ರ ಸುತ್ತ ಇವೆ. ಜೇಡಿಯದು 2200ರಲ್ಲಿ, ಒಣ ಸೊಪ್ಪೆಯ ಸೆಲ್ಯುಲೋಸಿನದು 2100ರಲ್ಲಿ. ನಿಮ್ಮ ಕ್ಯಾಮೆರಾಕ್ಕೆ ಇವು ಯಾವುವೂ ಕಾಣುವುದಿಲ್ಲ. ಇಸ್ರೋ ಮತ್ತು ನಾಸಾ ಸೇರಿ 2015-16ರಲ್ಲೂ 2018ರಲ್ಲೂ ಭಾರತದ ಮೇಲೆ ವಿಮಾನದಲ್ಲಿ ಹಾರಿಸಿದ ಅವಿರಿಸ್-ಎನ್‌ಜಿ ಉಪಕರಣ 380ರಿಂದ 2510 ನ್ಯಾನೊಮೀಟರ್ ತನಕ ಐದೈದು ನ್ಯಾನೊಮೀಟರಿಗೊಂದರಂತೆ ಅಳೆಯುತ್ತದೆ. ವೈಮಾನಿಕ ದೂರಸಂವೇದಿಯಿಂದ ಇಂಗಾಲ ಅಳೆದೆವು ಅನ್ನುವ ಲೇಖನಗಳಲ್ಲಿ ಹೆಚ್ಚಿನವು ಈ ದರ್ಜೆಯ ಉಪಕರಣದವು. ಅವುಗಳಲ್ಲೂ 1400 ಮತ್ತು 1900ರ ಸುತ್ತಲಿನ ಬ್ಯಾಂಡುಗಳನ್ನು ಗಾಳಿಯ ನೀರಾವಿ ನುಂಗಿಬಿಡುತ್ತದೆ, ಬಿಸಾಡಲೇಬೇಕು. ಆ ಲೇಖನಗಳ ಫಲಿತಾಂಶವನ್ನು ಐದು ಬ್ಯಾಂಡಿನ ಕ್ಯಾಮೆರಾದಿಂದ ನಿರೀಕ್ಷಿಸಬೇಡಿ.

ಇನ್ನು ಹೊಲದ ಸ್ಥಿತಿ. ಲೆಕ್ಕ ಕೆಡುವುದು ಬಹುಪಾಲು ಇಲ್ಲೇ.

ತೇವ: ಒದ್ದೆ ಮಣ್ಣು ಎಲ್ಲ ಬ್ಯಾಂಡಿನಲ್ಲೂ ಕಪ್ಪಾಗುತ್ತದೆ, ಮಾಡೆಲ್ಲು ಅದನ್ನು ಇಂಗಾಲ ಅಂದುಕೊಳ್ಳುತ್ತದೆ. ಮಳೆಯಾದ ಮೇಲೆ ಮಸಾರಿಗೆ ಎರಡು ಮೂರು ದಿನದ ಬಿಸಿಲು, ಎರೆಗೆ ವಾರದ ಬಿಸಿಲು ಕೊಡಿ. ಮೇಲ್ಮೈ ಒಣಗಿದ್ದರೆ ಸಾಕು, ಕೆಳಗೆ ಹಸಿ ಇದ್ದರೂ ಅಡ್ಡಿಯಿಲ್ಲ; ಕ್ಯಾಮೆರಾಕ್ಕೆ ಕಾಣುವುದು ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ. ಇಳಿಜಾರಿನ ಕೆಳತುದಿ, ಬದುವಿನ ಮಗ್ಗುಲು ತಡವಾಗಿ ಒಣಗುತ್ತವೆ. ಅಲ್ಲಿ ಕಪ್ಪು ಪಟ್ಟೆ ಬಂದರೆ ಇಂಗಾಲ ಅಂತ ಹಿಗ್ಗಬೇಡಿ.

ನೆರಳು: ರಂಟೆ ಹೊಡೆದು ಹಾಗೇ ಬಿಟ್ಟ ಎರೆಯಲ್ಲಿ ಮುಷ್ಟಿ ಗಾತ್ರದ ಹೆಂಟೆ ಇರುತ್ತದೆ. ಕಡಲೆ ಕಿತ್ತ ಹೊಲದಲ್ಲಿ ಫೆಬ್ರವರಿ-ಮಾರ್ಚಿಗೆ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಒಂದೊಂದು ಹೆಂಟೆಯ ನೆರಳು, ಒಂದೊಂದು ಬಿರುಕಿನ ಕತ್ತಲೆ ಎಂಟು ಸೆಂಟಿಮೀಟರ್ ಪಿಕ್ಸೆಲ್ಲನ್ನು ಸಲೀಸಾಗಿ ಕೆಡಿಸುತ್ತದೆ. ಹಾರಿಸುವ ಮುಂಚೆ ಕುಂಟೆ ಹೊಡೆಸಿ ನೆಲ ಸಮ ಮಾಡಿ. ಎಲ್ಲ ಹೊಲಕ್ಕೂ ಒಂದೇ ಹದ ಇರಬೇಕು. ಅರ್ಧಕ್ಕೆ ಕುಂಟೆ ಹೊಡೆದು ಅರ್ಧ ಹಾಗೇ ಬಿಟ್ಟರೆ ನಕ್ಷೆಯಲ್ಲಿ ಕುಂಟೆಯ ಗೆರೆಯೇ ಮೂಡುತ್ತದೆ.

ಕೂಳೆ, ಸೊಪ್ಪೆ, ಕಳೆ: ಹಸಿರನ್ನು ಎನ್‌ಡಿವಿಐ (ಹಸಿರಿನ ಸೂಚ್ಯಂಕ) 0.25ಕ್ಕಿಂತ ಮೇಲಿದ್ದರೆ ತೆಗೆದುಹಾಕಬಹುದು. ಒಣ ಮೆಕ್ಕೆಜೋಳದ ಸೊಪ್ಪೆ ಎನ್‌ಡಿವಿಐಗೆ ಸಿಗುವುದಿಲ್ಲ. ಬಿಳಿಚಿಕೊಂಡಿರುವುದರಿಂದ ಅದು ನೆಲವನ್ನು ಬೆಳ್ಳಗೆ, ಅಂದರೆ "ಇಂಗಾಲ ಕಡಿಮೆ" ಅಂತ ತೋರಿಸುತ್ತದೆ. ನಿಜಕ್ಕೆ ಪೂರಾ ತಿರುಗುಮುರುಗು.

ಇಷ್ಟೆಲ್ಲ ಕೂಡಿಬರುವುದು ಯುಗಾದಿ ಆಸುಪಾಸಿನಿಂದ ಭರಣಿ ಮಳೆ ಹಿಡಿಯುವ ತನಕ. ಜೂನಿಗೆ ಬಿತ್ತನೆ ಶುರುವಾದರೆ ಆ ವರ್ಷ ಮುಗಿದಂತೆ. ಹಾರಾಟ ಹನ್ನೊಂದರಿಂದ ಒಂದರೊಳಗೆ ಇಟ್ಟುಕೊಳ್ಳಿ, ನೆರಳು ಕಡಿಮೆ.

ಗಾಳಿಪಟ_ದಾವಣಗೆರೆ

ಮೇಲಿನವರ ಮಾತಿನಲ್ಲಿ ಹೊತ್ತಿನದು ಒಂದನ್ನು ಒಪ್ಪಲಾರೆ. ಹನ್ನೊಂದರಿಂದ ಒಂದು ಅನ್ನೋದು ಚಳಿ ದೇಶದ ಕೈಪಿಡಿಯ ಲೆಕ್ಕ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12.25ಕ್ಕೆ. ಆಗ ಡ್ರೋನಿನ ನೆರಳು ಚಿತ್ರದೊಳಗೇ ಬೀಳುತ್ತದೆ. ಅದರ ಸುತ್ತ ನೆರಳೇ ಇಲ್ಲದ ಬೆಳ್ಳನೆ ಮಚ್ಚೆ ಬರುತ್ತದೆ. ಹಾಟ್‌ಸ್ಪಾಟ್ ಅಂತೀವಲ್ಲ, ಅದೇ. ಪ್ರತಿ ಚಿತ್ರದಲ್ಲೂ ಅದು ಬಂದು, ಚಿತ್ರಗಳನ್ನೆಲ್ಲ ಸೇರಿಸಿ ಮೊಸಾಯಿಕ್ ಹೊಲಿದ ಮೇಲೆ ಹಾರಾಟದ ಸಾಲಿಗೆ ಸರಿಯಾಗಿ ಬಿಳಿ-ಕಪ್ಪು ಪಟ್ಟೆ ಕೂರುತ್ತದೆ. ಬರಿ ನೆಲದ ಮೇಲೆ ಬೆಳೆಗಿಂತ ಎದ್ದು ಕಾಣುತ್ತದೆ. ಈ ಕ್ಯಾಮೆರಾಗಳ ನೋಟದ ಅಗಲ ಸುಮಾರು 47 ಡಿಗ್ರಿ. ಮಚ್ಚೆ ಚಿತ್ರದ ಮೂಲೆಯಿಂದಲೂ ಆಚೆ ಹೋಗಬೇಕೆಂದರೆ ಸೂರ್ಯ ನೆತ್ತಿಯಿಂದ 30 ಡಿಗ್ರಿಯಾದರೂ ಸರಿದಿರಬೇಕು. ಏಪ್ರಿಲಿನಲ್ಲಿ ಅದು ಬೆಳಿಗ್ಗೆ ಹತ್ತೂಕಾಲರ ಮುಂಚೆ, ಇಲ್ಲವೇ ಮಧ್ಯಾಹ್ನ ಎರಡೂವರೆ ಮೇಲೆ. ನಾನು ಹೇಳುವುದು ಒಂಬತ್ತೂವರೆಯಿಂದ ಹತ್ತೂಕಾಲು. ಕುಂಟೆ ಹೊಡೆದ ನೆಲದಲ್ಲಿ ಆ ಹೊತ್ತಿನ ನೆರಳು ತಡೆದುಕೊಳ್ಳುವಷ್ಟೇ ಇರುತ್ತದೆ. ಮಧ್ಯಾಹ್ನ ಮೇಲೆ ಗಾಳಿ ಎದ್ದು ದೂಳು ಹಾರುತ್ತದೆ, ಮೋಡವೂ ಕಟ್ಟುತ್ತದೆ.

ಎತ್ತರ 110 ಮೀಟರ್ ಇಟ್ಟರೆ ಪಿಕ್ಸೆಲ್ ಏಳೂವರೆ ಸೆಂಟಿಮೀಟರಿಗೆ ಸಿಗುತ್ತದೆ, ಈ ಕೆಲಸಕ್ಕೆ ಅದೇ ಹೆಚ್ಚು. ಮುಂದೆ-ಹಿಂದೆ 80, ಅಕ್ಕಪಕ್ಕ 75 ಶೇಕಡಾ ಓವರ್‌ಲ್ಯಾಪ್. ಕ್ಯಾಲಿಬ್ರೇಷನ್ ಪ್ಯಾನೆಲ್ಲಿನ (ಬೆಳಕಿನ ಅಳತೆ ಸರಿಹೊಂದಿಸುವ ಹಲಗೆಯ) ಚಿತ್ರ ಹಾರುವ ಮುಂಚೆ ಒಂದು, ಇಳಿದ ಮೇಲೆ ಒಂದು. ಬ್ಯಾಟರಿ ಬದಲಿಸಿದಾಗಲೆಲ್ಲ ಮತ್ತೆ. ಪ್ಯಾನೆಲ್ಲನ್ನು ಮಸಾರಿ ನೆಲದ ಮೇಲೆ ಇಟ್ಟು ಪಕ್ಕದಲ್ಲೇ ಬಿಳಿ ಅಂಗಿ ಹಾಕಿಕೊಂಡು ನಿಲ್ಲಬೇಡಿ, ಅಂಗಿಯ ಬೆಳಕು ಪ್ಯಾನೆಲ್ ಮೇಲೆ ಬೀಳುತ್ತದೆ. ಒಂದೊಂದು ಮೋಡ ಓಡಾಡುವ ದಿನ ಹಾರಿಸಲೇಬೇಡಿ. ಮೇಲೆ ಕೂರಿಸುವ ಬೆಳಕಿನ ಸೆನ್ಸರ್ ಅದನ್ನೆಲ್ಲ ಸರಿಮಾಡುತ್ತದೆ ಅನ್ನೋದು ಮಾರುವವರ ಮಾತು. ಡ್ರೋನ್ ಬಿಸಿಲಲ್ಲಿದ್ದು ಕೆಳಗಿನ ಹೊಲ ಮೋಡದ ನೆರಳಲ್ಲಿದ್ದರೆ ಆ ಸೆನ್ಸರ್ ಉಲ್ಟಾ ತಿದ್ದುತ್ತದೆ.

ಅನುಮತಿ ವಿಚಾರ: 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ಒಳಗೆ ಹಾರಿಸಲು ಪೂರ್ವಾನುಮತಿ ಬೇಡ. ಡ್ರೋನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. ಎರಡು ಕೆಜಿ ಒಳಗಿನ ಮೈಕ್ರೋ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ. ದುಡ್ಡಿಗೆ ಹಾರಿಸಿಕೊಡುವವರಿಗೆ ಬೇಕು. ಚಳ್ಳಕೆರೆ ಕಡೆ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ಇದೆ. ಜಗಳೂರಿನ ಪೂರ್ವ ಭಾಗದವರು, ಚಳ್ಳಕೆರೆ, ನಾಯಕನಹಟ್ಟಿಯವರು ಅದೇ ದಿನ ಬೆಳಿಗ್ಗೆ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆ ತೆರೆದು ವಲಯದ ಬಣ್ಣ ನೋಡದೆ ಪ್ರೊಪೆಲ್ಲರ್ ತಿರುಗಿಸಬೇಡಿ. ವಲಯದ ಬಣ್ಣ ಬದಲಾಗುತ್ತಿರುತ್ತದೆ.

ಬ್ಯುರೆಟ್_ಹಿರಿಯೂರು

ಎಲ್ಲರೂ ಕ್ಯಾಮೆರಾ ಮೇಲೆಯೇ ಬಿದ್ದಿದ್ದೀರಿ. ಲ್ಯಾಬಿನ ಅಂಕಿ ಎಷ್ಟು ಗಟ್ಟಿ ಅಂತ ಯಾರೂ ಕೇಳಲಿಲ್ಲ.

ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಸಾವಯವ ಇಂಗಾಲವನ್ನು ಸಾಮಾನ್ಯವಾಗಿ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ತೆಗೆಯುತ್ತಾರೆ. ಒಂದು ಗ್ರಾಂ ಮಣ್ಣಿಗೆ 1 ನಾರ್ಮಲ್ ಪೊಟ್ಯಾಸಿಯಂ ಡೈಕ್ರೋಮೇಟ್ 10 ಮಿಲಿ, ಸಾಂದ್ರ ಗಂಧಕಾಮ್ಲ 20 ಮಿಲಿ. ಅರ್ಧ ಗಂಟೆ ಬಿಟ್ಟು, 200 ಮಿಲಿ ನೀರು, 10 ಮಿಲಿ ಆರ್ಥೋಫಾಸ್ಫಾರಿಕ್ ಆಮ್ಲ, ಡೈಫಿನೈಲಮೈನ್ ಹಾಕಿ 0.5 ನಾರ್ಮಲ್ ಫೆರಸ್ ಅಮೋನಿಯಂ ಸಲ್ಫೇಟಿನಲ್ಲಿ ಟೈಟ್ರೇಟ್ ಮಾಡುವುದು (ಬ್ಯುರೆಟ್ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು ಅಳೆಯುವುದು). ಈಗ ಲೆಕ್ಕ ಹಾಕಿ ನೋಡಿ. ಬ್ಲ್ಯಾಂಕಿಗೂ (ಮಣ್ಣು ಹಾಕದೆ ಮಾಡಿದ ಪರೀಕ್ಷೆ) ಮಾದರಿಗೂ ಇರುವ ಮಿಲಿ ವ್ಯತ್ಯಾಸವನ್ನು 0.5, 0.003, 100, 1.3 ಇವುಗಳಿಂದ ಗುಣಿಸಿದರೆ ಒಂದು ಮಿಲಿಗೆ ಶೇ 0.195 ಇಂಗಾಲ ಬರುತ್ತದೆ. ಅಂದರೆ ಶೇ 0.4ಕ್ಕೂ 0.5ಕ್ಕೂ ನಡುವೆ ಬ್ಯುರೆಟ್ಟಿನಲ್ಲಿ ಇರುವುದು ಬರೀ ಅರ್ಧ ಮಿಲಿ. ನೇರಳೆ ಬಣ್ಣ ಹಸಿರಿಗೆ ತಿರುಗುವ ಹೊತ್ತಿನಲ್ಲಿ ಎರಡು ಮೂರು ಹನಿ ಜಾಸ್ತಿ ಬಿದ್ದರೆ ಶೇ 0.02-0.03 ಅಲ್ಲೇ ಹೋಯಿತು. ನಿಮ್ಮ ಹೊಲಗಳಂಥ ಕಡಿಮೆ ಇಂಗಾಲದ ಮಣ್ಣಿಗೆ ಒಂದು ಗ್ರಾಂ ಬದಲು ಎರಡು ಗ್ರಾಂ ತೆಗೆದುಕೊಳ್ಳಲು ಹೇಳಿ. ಆಗ ಅದೇ ಶೇ 0.1 ವ್ಯತ್ಯಾಸ ಒಂದು ಮಿಲಿಗೆ ಹಿಗ್ಗುತ್ತದೆ. ಆಮ್ಲ ಹಾಕಿದ ಕೂಡಲೇ ದ್ರಾವಣ ಪೂರಾ ಹಸಿರಾದರೆ ಡೈಕ್ರೋಮೇಟ್ ಮುಗಿದಿದೆ ಅಂತ ಅರ್ಥ. ಅದು ತಿಪ್ಪೆಯ ಹತ್ತಿರದ ಮಣ್ಣಿರಬೇಕು. ಕಡಿಮೆ ತೂಕದಲ್ಲಿ ಮತ್ತೆ ಮಾಡಬೇಕು.

ಆ 1.3 ಇದೆಯಲ್ಲ, ಅದನ್ನು ವಿಚಾರಿಸಿ. ಈ ವಿಧಾನದಲ್ಲಿ ಇಂಗಾಲದ ಸುಮಾರು ಶೇ 77 ಮಾತ್ರ ಉತ್ಕರ್ಷಣ ಆಗುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಗುಣಿಸುತ್ತಾರೆ. ಒಂದು ಲ್ಯಾಬ್ ಗುಣಿಸಿ, ಇನ್ನೊಂದು ಗುಣಿಸದೆ ಕೊಟ್ಟರೆ ಅದೇ ಮಣ್ಣು ಒಂದು ಕಡೆ 0.50, ಇನ್ನೊಂದು ಕಡೆ 0.38. ನಿಮ್ಮ 40 ಮಾದರಿ ಎರಡು ಲ್ಯಾಬಿನಿಂದ ಬಂದಿದ್ದರೆ ಹಳ್ಳಿ ಹಳ್ಳಿಗೆ ತಾಳೆಯಾಗದಿರುವುದಕ್ಕೆ ಇದೂ ಕಾರಣ ಇರಬಹುದು. ವರದಿಯಲ್ಲಿ "ಸಾವಯವ ಇಂಗಾಲ" ಇದೆಯೋ "ಸಾವಯವ ಪದಾರ್ಥ" ಇದೆಯೋ ಅದನ್ನೂ ನೋಡಿ. ಎರಡನೆಯದು ಮೊದಲನೆಯದರ 1.724 ಪಟ್ಟು. 0.5ಕ್ಕಿಂತ ಕೆಳಗೆ ಕಡಿಮೆ, 0.75ಕ್ಕಿಂತ ಮೇಲೆ ಹೆಚ್ಚು ಅನ್ನುವ ವಿಂಗಡಣೆ ಇಂಗಾಲಕ್ಕೆ, ಪದಾರ್ಥಕ್ಕಲ್ಲ.

ವಾಕ್ಲಿ-ಬ್ಲ್ಯಾಕ್ ಹಳತು, ಸಿಎಚ್‌ಎನ್ ಯಂತ್ರಕ್ಕೇ ಕಳಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಒಂದು ಎಚ್ಚರಿಕೆ. ಹಿರಿಯೂರು, ಚಳ್ಳಕೆರೆ, ಜಗಳೂರಿನ ಎರೆಯಲ್ಲಿ ಸುಣ್ಣದ ಹರಳು ಸಾಮಾನ್ಯ. ಯಂತ್ರ ಮಣ್ಣನ್ನು ಸುಟ್ಟು ಒಟ್ಟು ಇಂಗಾಲ ಅಳೆಯುತ್ತದೆ. ಸುಣ್ಣದ ಇಂಗಾಲವೂ ಅದರಲ್ಲೇ ಸೇರಿಬಿಡುತ್ತದೆ. ಮಣ್ಣಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ ನೊರೆ ಎದ್ದರೆ, ಮೊದಲು ಆಮ್ಲದಲ್ಲಿ ಕಾರ್ಬೊನೇಟ್ ತೆಗೆದೇ ಕೊಡಬೇಕು. ವಾಕ್ಲಿ-ಬ್ಲ್ಯಾಕ್‌ಗೆ ಈ ತೊಂದರೆ ಇಲ್ಲ. ಅದಕ್ಕೆ ಇರುವ ತೊಂದರೆ ಕ್ಲೋರೈಡಿನದು. ಸವಳು ಬಂದ ಹೊಲದಲ್ಲಿ ಕ್ಲೋರೈಡೂ ಡೈಕ್ರೋಮೇಟನ್ನು ತಿಂದು ಇಂಗಾಲ ಹೆಚ್ಚು ತೋರಿಸುತ್ತದೆ. ಅಂಥ ಮಾದರಿಗೆ ಆಮ್ಲದಲ್ಲಿ ಸಿಲ್ವರ್ ಸಲ್ಫೇಟ್ ಬೆರೆಸಬೇಕು.

ಮಾದರಿ ತೆಗೆಯುವುದು: ಬಿಂದುವಿನ ಸುತ್ತ 3 ಮೀಟರ್ ಒಳಗೆ ನಡುವೆ ಒಂದು, ನಾಲ್ಕು ದಿಕ್ಕಿಗೆ ಒಂದೊಂದು, ಒಟ್ಟು ಐದು ಗುಂಡಿ. 'ವಿ' ಆಕಾರದಲ್ಲಿ 15 ಸೆಂಟಿಮೀಟರ್ ಆಳ, ಬದಿಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಪದರ. ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಬಿಸಾಡುತ್ತಾ ಅರ್ಧ ಕೆಜಿಗೆ ಇಳಿಸಿ. ನೆರಳಲ್ಲಿ ಒಣಗಿಸಿ. ಬೇರು, ಕೂಳೆಯ ಚೂರನ್ನು ಕೈಯಿಂದ ಆರಿಸಿ ತೆಗೆಯದೆ ಅರೆದರೆ ಅವೂ ಇಂಗಾಲವೇ ಆಗಿ ಅಂಕಿ ಮೇಲೇರುತ್ತದೆ. ಇಂಗಾಲಕ್ಕೆ 0.5 ಮಿಮೀ ಜರಡಿ ದಾಟಿದ ಮಣ್ಣು ಬೇಕು. ಪ್ರತಿ ಹತ್ತು ಮಾದರಿಗೆ ಒಂದನ್ನು ಎರಡು ಚೀಲ ಮಾಡಿ, ಬೇರೆ ಬೇರೆ ನಂಬರ್ ಹಾಕಿ, ಲ್ಯಾಬಿಗೆ ಹೇಳದೆ ಕೊಡಿ. ಆ ಜೋಡಿಗಳ ನಡುವೆ ಬರುವ ವ್ಯತ್ಯಾಸವೇ ನಿಮ್ಮ ಮಾಡೆಲ್ಲಿಗೆ ಮಿತಿ. ಅದಕ್ಕಿಂತ ನಿಖರವಾಗಿ ಯಾವ ಉಪಗ್ರಹವೂ ಹೇಳಲಾರದು.

ಪಿಕ್ಸೆಲ್_ಪುರಾಣ

ಮಾಡೆಲ್ ಕಡೆಯಿಂದ ಸ್ವಲ್ಪ. ಮಾದರಿಗಳನ್ನು ಯಾದೃಚ್ಛಿಕವಾಗಿ ಹತ್ತು ಭಾಗ ಮಾಡಿ ಪರೀಕ್ಷಿಸಿದ್ದೀರಿ ಅಂತ ಕಾಣುತ್ತದೆ. ಒಂದೇ ಹೊಲದ ಮೂರು ಮಾದರಿಯಲ್ಲಿ ಎರಡು ಕಲಿಕೆಗೆ, ಒಂದು ಪರೀಕ್ಷೆಗೆ ಹೋದರೆ ಆರ್-ಸ್ಕ್ವೇರ್ (ಮಾಡೆಲ್ ಎಷ್ಟು ಕೂಡುತ್ತದೆ ಅನ್ನುವ ಅಂಕಿ) ಚೆನ್ನಾಗಿ ಬರದೆ ಇನ್ನೇನು. ಇಡೀ ಹೊಲವನ್ನೇ ಹೊರಗಿಟ್ಟು ಪರೀಕ್ಷಿಸಿ. ಇನ್ನೂ ಒಳ್ಳೆಯದು, ಒಂದು ಹಳ್ಳಿಯನ್ನು ಹೊರಗಿಡಿ.

ಆರ್-ಸ್ಕ್ವೇರ್ ಒಂದನ್ನೇ ನೋಡಬೇಡಿ. ನಿಮ್ಮ ಅಂಕಿಗಳು 0.28ರಿಂದ 0.71. ಇಂಥ ಹರಹಿಗೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಚದುರಿರುವ ಅಳತೆ) 0.12ರ ಹತ್ತಿರ ಇರುತ್ತದೆ ಅಂದುಕೊಳ್ಳೋಣ. ಮಾಡೆಲ್ಲಿನ ತಪ್ಪು, ಆರ್‌ಎಂಎಸ್‌ಇ, 0.10 ಬಂದರೆ ಕೇಳಲು ಸಣ್ಣದು. ಆದರೆ ಡೀವಿಯೇಷನ್ನನ್ನು ಆ ತಪ್ಪಿನಿಂದ ಭಾಗಿಸಿದರೆ ಆರ್‌ಪಿಡಿ 1.2 ಮಾತ್ರ. ಎಲ್ಲ ಹೊಲಕ್ಕೂ ಸರಾಸರಿ ಬರೆದುಬಿಟ್ಟರೂ ಹೆಚ್ಚುಕಡಿಮೆ ಅಷ್ಟೇ ತಪ್ಪಾಗುತ್ತಿತ್ತು. 1.4 ದಾಟಿದರೆ ಪಟ್ಟಿ ಹಂಚಲು ಬಳಸಬಹುದು, 2 ದಾಟಿದರೆ ಅಂಕಿ ಬರೆಯಬಹುದು ಅನ್ನೋದು ಚಾಲ್ತಿಯಲ್ಲಿರುವ ಅಳತೆ. ಯುರೋಪಿನ ಮಣ್ಣಿನಲ್ಲಿ ಇಂಗಾಲ ಶೇ 1ರಿಂದ 5 ತನಕ ಹರಡಿರುತ್ತದೆ, ಅಲ್ಲಿ 2 ದಾಟುವುದು ಸುಲಭ. ನಮ್ಮಲ್ಲಿ ಹರಹೇ ಇಕ್ಕಟ್ಟು.

ಜಾಗದ ತಪ್ಪು ಇನ್ನೊಂದು. ಮೊಬೈಲ್ ಜಿಪಿಎಸ್ 3-5 ಮೀಟರ್ ಆಚೀಚೆ ಆಗುತ್ತದೆ, ನಿಮ್ಮ ಪಿಕ್ಸೆಲ್ ಎಂಟು ಸೆಂಟಿಮೀಟರ್. ಬಿಂದುವಿನ ಕೆಳಗಿನ ಒಂದು ಪಿಕ್ಸೆಲ್ ಓದಬೇಡಿ. ಸುತ್ತ 3 ಮೀಟರ್ ವೃತ್ತದ ಮೀಡಿಯನ್ (ನಡುವಿನ ಬೆಲೆ) ತೆಗೆದುಕೊಳ್ಳಿ. ಅದರಲ್ಲಿ ಅತಿ ಕಪ್ಪು ಶೇ 20 ಪಿಕ್ಸೆಲ್ಲನ್ನು ಮೊದಲೇ ಕತ್ತರಿಸಿದರೆ ಹೆಂಟೆ, ಬಿರುಕಿನ ನೆರಳು ಬಹುಪಾಲು ಹೋಗುತ್ತದೆ.

ಇನ್ನು ನನ್ನ ತಕರಾರು: 300 ಎಕರೆಗೆ ಮೊದಲೇ ಡ್ರೋನ್ ಯಾಕೆ? ಯುರೋಪಿನ ಸೆಂಟಿನೆಲ್-2 ಉಪಗ್ರಹದ್ದು ಪುಕ್ಕಟೆ ಸಿಗುತ್ತದೆ, ಐದು ದಿನಕ್ಕೊಂದು ಚಿತ್ರ. ಅದರ 10 ಮೀಟರ್ ಪಿಕ್ಸೆಲ್ ಅಂದರೆ ಒಂದು ಗುಂಟೆ. ಶಾರ್ಟ್‌ವೇವ್ ಬ್ಯಾಂಡುಗಳದು 20 ಮೀಟರ್, ನಾಲ್ಕು ಗುಂಟೆ. ಗೊಬ್ಬರ ಹಂಚಲು ಇದಕ್ಕಿಂತ ಸಣ್ಣದು ಬೇಕಿಲ್ಲ. ಮುಖ್ಯವಾಗಿ ಡ್ರೋನಿಗಿಲ್ಲದ ಬಿ11 (1610) ಮತ್ತು ಬಿ12 (2190) ಅದಕ್ಕಿವೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎನ್‌ಬಿಆರ್2. ಒಣ ಸೊಪ್ಪೆ ಇದ್ದರೆ, ನೆಲ ಹಸಿ ಇದ್ದರೆ ಅದು ಏರುತ್ತದೆ. ಎನ್‌ಡಿವಿಐ 0.25ಕ್ಕಿಂತ ಕಡಿಮೆ, ಎನ್‌ಬಿಆರ್2 0.07ರ ಸುತ್ತಮುತ್ತಲಿಗಿಂತ ಕಡಿಮೆ ಇರುವ ಪಿಕ್ಸೆಲ್ಲುಗಳನ್ನು ಮಾತ್ರ ಇಟ್ಟುಕೊಂಡು, ನಾಲ್ಕೈದು ವರ್ಷದ ಮಾರ್ಚ್-ಮೇ ಚಿತ್ರಗಳ ಮೀಡಿಯನ್ ತೆಗೆಯಿರಿ. ಒಂದು ದಿನದ ತೇವ, ಒಂದು ವರ್ಷದ ಕೂಳೆ ಎಲ್ಲ ತೊಳೆದುಹೋಗಿ ನೆಲದ ನಿಜ ಬಣ್ಣ ಉಳಿಯುತ್ತದೆ. ಎನ್‌ಬಿಆರ್2 ಮಿತಿಯನ್ನು ಎರೆಗೂ ಮಸಾರಿಗೂ ಬೇರೆ ಬೇರೆ ಇಟ್ಟು ಪ್ರಯತ್ನಿಸಿ. ಬದುವಿನ ಮೇಲಿನ ಜಾಲಿ, ಬೇವಿನ ಸಾಲು ತಾಗಿದ ಪಿಕ್ಸೆಲ್ ಬಿಟ್ಟುಬಿಡಿ.

ಆ ಚಿತ್ರದ ಮೇಲೆ ಕಂಡೀಶನ್ಡ್ ಲ್ಯಾಟಿನ್ ಹೈಪರ್‌ಕ್ಯೂಬ್ (ಎಲ್ಲ ಬಗೆಯ ನೆಲವೂ ಬರುವಂತೆ ಬಿಂದು ಆರಿಸುವ ವಿಧಾನ) ಹಾಕಿ ಎರೆಗೆ 40, ಮಸಾರಿಗೆ 40 ಬಿಂದು ಆರಿಸಿ. ಈಗಿರುವ 40ನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಡ್ರೋನನ್ನು ಅಂಕಿ ಕೂಡದ ಹೊಲಗಳಿಗೆ ಮಾತ್ರ ಕಳಿಸಿ. ಅಂದಹಾಗೆ, ಡ್ರೋನ್ ಚಿತ್ರದಿಂದ ಬರುವ ಎತ್ತರದ ನಕ್ಷೆಯೇ ಎಷ್ಟೋ ಸಲ ಬಣ್ಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಳಿಜಾರಿನ ಹೊಲದಲ್ಲಿ ಸವೆದ ಮೇಲ್ಮಣ್ಣು ಎಲ್ಲಿ ಕೂತಿದೆ ಅನ್ನೋದು ಅದರಲ್ಲಿ ಸಿಗುತ್ತದೆ.

ಮಣ್ಣು ಆರೋಗ್ಯ ಕಾರ್ಡಿನ ದತ್ತಾಂಶ ಸೇರಿಸೋಣವೇ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಖುಷ್ಕಿಯಲ್ಲಿ ಅದು 10 ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿಯ ಲೆಕ್ಕ. ತಾಲ್ಲೂಕು ಮಟ್ಟದ ಅಂದಾಜಿಗೆ ಸರಿ, ಪಿಕ್ಸೆಲ್ ಕಲಿಸಲು ಬೇಡ.

ಮಸಾರಿ_ಜಗಳೂರು

ಎಲ್ಲರಿಗೂ ಧನ್ಯವಾದ. ಮಾದರಿ ಹೋಗಿದ್ದು ಎರಡು ಲ್ಯಾಬಿಗೇ, 1.3ರ ವಿಚಾರ ಕೇಳುತ್ತೇನೆ. ಇನ್ನೆರಡು ಸಂಶಯ. ಒಂದು, ಕೆಲವು ಮಸಾರಿ ಹೊಲಗಳಿಗೆ ಕೆರೆಗೋಡು ಹೊಡೆಸಿದ್ದಾರೆ, ಅವನ್ನು ಏನು ಮಾಡಲಿ? ಎರಡು, ಹರಿಹರ ಕಡೆಯ ಭತ್ತದ ಗದ್ದೆಯವರೂ ಇದನ್ನೇ ಕೇಳುತ್ತಿದ್ದಾರೆ. ಅಲ್ಲಿ ಆಗುತ್ತದೆಯೇ?

ಎರೆಮಣ್ಣು

ಕೆರೆಗೋಡು ಬಿದ್ದ ಹೊಲವನ್ನು ಕಲಿಕೆಯಿಂದ ಪೂರಾ ಹೊರಗಿಡಿ. ಗೋಡು ನುಣ್ಣನೆಯ ಕಪ್ಪು ಜೇಡಿ. ಕೆಂಪು ಹೊಲದ ಮೇಲೆ ಒಂದೆರಡು ಇಂಚು ಹರಡಿದರೆ ಕ್ಯಾಮೆರಾಕ್ಕೆ ಇಡೀ ಹೊಲ ಎರೆಯಂತೆ ಕಾಣುತ್ತದೆ. ಇಂಗಾಲ ಹೆಚ್ಚಿರಬಹುದು, ಇಲ್ಲದಿರಬಹುದು. ಕೆರೆಯಿಂದ ಕೆರೆಗೆ, ತೋಡಿದ ಆಳದಿಂದ ಆಳಕ್ಕೆ ಬೇರೆ. ಡ್ರೋನ್ ಚಿತ್ರದಲ್ಲಿ ಅದನ್ನು ಗುರುತಿಸುವುದು ಸುಲಭ: ಟ್ರ್ಯಾಕ್ಟರ್ ಟ್ರೇಲರ್ ಸುರಿದ ಗುಡ್ಡೆಯ ಜಾಗದಲ್ಲಿ ಸಾಲಾಗಿ ದುಂಡನೆ ಕಪ್ಪು ಮಚ್ಚೆಗಳು, ಹರಡಿದ ಮೇಲೂ ಉಳಿದಿರುತ್ತವೆ. ಆ ಹೊಲಗಳಿಗೆ ನೇರ ಮಾದರಿ ತೆಗೆದು ಅಂಕಿ ಬರೆಯಿರಿ, ಮಾಡೆಲ್ ಬೇಡ. ಅದಿರು ಲಾರಿ ಓಡುವ ರಸ್ತೆ ಬದಿಯ ಹೊಲಕ್ಕೂ ಇದೇ ಮಾತು. ಅಲ್ಲಿ ಮೇಲೆ ಕೂತ ದೂಳೇ ಚಿತ್ರದಲ್ಲಿ ಬರುತ್ತದೆ.

ಭದ್ರಾ ಅಚ್ಚುಕಟ್ಟಿನ ಗದ್ದೆ ಕಷ್ಟ. ಎರಡು ಬೆಳೆ ನಡುವೆ ಬರಿ ನೆಲ ಸಿಗುವುದು ಬೇಸಿಗೆ ಭತ್ತ ಕೊಯ್ದ ಮೇಲೆ ಸ್ವಲ್ಪ ದಿನ ಮಾತ್ರ, ಅಷ್ಟರಲ್ಲಿ ಮಳೆ. ಯಂತ್ರದಲ್ಲಿ ಕೊಯ್ದರೆ ಹುಲ್ಲು ನೆಲ ಮುಚ್ಚಿರುತ್ತದೆ. ಹುಲ್ಲಿಗೆ ಬೆಂಕಿ ಕೊಟ್ಟಿದ್ದರೆ ಮಸಿ ಕಪ್ಪು ಪಟ್ಟೆ ಪಟ್ಟೆಯಾಗಿ ಕೂತು "ಇಂಗಾಲ ಭರ್ಜರಿ" ಅಂತ ತೋರಿಸುತ್ತದೆ; ಆ ಮಸಿಯ ಇಂಗಾಲವನ್ನು ವಾಕ್ಲಿ-ಬ್ಲ್ಯಾಕ್ ಪೂರ್ತಿ ಕರಗಿಸುವುದೂ ಇಲ್ಲ, ಹಾಗಾಗಿ ಚಿತ್ರಕ್ಕೂ ವರದಿಗೂ ಎಣ್ಣೆ-ಸೀಗೇಕಾಯಿ. ಗದ್ದೆಯವರು ಮಾದರಿಗೇ ದುಡ್ಡು ಹಾಕಲಿ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟಕ್ಕಂತೂ ಕೇಳಲೇಬೇಡಿ, ಮೇಲಿಂದ ನೆಲವೇ ಕಾಣುವುದಿಲ್ಲ.

ಬ್ಯುರೆಟ್_ಹಿರಿಯೂರು

ಕಾರ್ಬನ್ ಕ್ರೆಡಿಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬಣ್ಣದ ನಕ್ಷೆಯಿಂದ ಆಗುವುದಿಲ್ಲ. ಕ್ರೆಡಿಟ್ ಕೊಡುವವರಿಗೆ ಬೇಕಿರುವುದು ಶೇಕಡಾ ಅಲ್ಲ, ಹೆಕ್ಟೇರಿಗೆ ಎಷ್ಟು ಟನ್ ಅನ್ನುವ ದಾಸ್ತಾನು. ಅದು ಶೇಕಡಾ, ಬಲ್ಕ್ ಡೆನ್ಸಿಟಿ (ಒಂದು ಘನ ಸೆಂಟಿಮೀಟರ್ ಮಣ್ಣಿನ ಒಣ ತೂಕ, ಗ್ರಾಂ ಲೆಕ್ಕದಲ್ಲಿ), ಸೆಂಟಿಮೀಟರ್ ಲೆಕ್ಕದ ಆಳ ಈ ಮೂರರ ಗುಣಲಬ್ಧ. ಶೇ 0.5, ಡೆನ್ಸಿಟಿ 1.3, ಆಳ 15 ಸೆಂಟಿಮೀಟರ್ ಆದರೆ 9.75 ಟನ್. ಶೇ 0.1 ಏರಿದರೆ ಸುಮಾರು 2 ಟನ್, ಎಕರೆಗೆ 0.8 ಟನ್ ಇಂಗಾಲ. ಆ 0.1 ಏರಿಕೆಯನ್ನು, 0.12 ಡೀವಿಯೇಷನ್ ಇರುವ ಹೊಲಗಳಲ್ಲಿ, ವಾಡಿಕೆಯ ಶೇ 95 ಭರವಸೆ ಮತ್ತು ಶೇ 80 ಪತ್ತೆ ಸಾಮರ್ಥ್ಯದಲ್ಲಿ ತೋರಿಸಲು ಮೊದಲ ಸಲ 23, ಕೊನೆಯ ಸಲ 23 ಮಾದರಿ ಬೇಕು. ಏರಿಕೆ 0.05 ಮಾತ್ರ ಇದ್ದರೆ ಎರಡೂ ಸಲ ತೊಂಬತ್ತು ತೊಂಬತ್ತು. ಅದೇ ಬಿಂದುಗಳಿಗೆ ಮತ್ತೆ ಹೋಗಿ ತೆಗೆದರೆ ಇದು ಕಡಿಮೆಯಾಗುತ್ತದೆ, ಅದಕ್ಕೇ ಈಗಲೇ ನಿಖರ ಜಿಪಿಎಸ್‌ನಲ್ಲಿ ಜಾಗ ಗುರುತಿಸಿಡಿ. ಕ್ರೆಡಿಟ್ ಯೋಜನೆಗಳು ಸಾಮಾನ್ಯವಾಗಿ 30 ಸೆಂಟಿಮೀಟರ್ ಆಳ ಕೇಳುತ್ತವೆ, ನಿಮ್ಮ 15ರ ಮಾದರಿ ಅಲ್ಲಿಗೆ ಸಾಲದು.

ಬಲ್ಕ್ ಡೆನ್ಸಿಟಿಯ ಕೊಳವೆಯನ್ನು ಎರೆಯಲ್ಲಿ ಬೇಸಿಗೆಯಲ್ಲಿ ಹೊಡೆಯಬೇಡಿ. ಬಿರಿದ ಮಣ್ಣು ಗಟ್ಟಿ ಗಡ್ಡೆಯಾಗಿ ಸಿಕ್ಕು ಡೆನ್ಸಿಟಿ ಹೆಚ್ಚು ಬರುತ್ತದೆ, ನಡುವಿನ ಬಿರುಕು ಲೆಕ್ಕಕ್ಕೇ ಬರುವುದಿಲ್ಲ. ಮಳೆಗಾಲದಲ್ಲಿ ಬಿರುಕು ಮುಚ್ಚಿ, ಕಾಲಿಗೆ ಅಂಟದಷ್ಟು ಹದ ಬಂದಾಗ ತೆಗೆಯಿರಿ. ಮುಂದಿನ ಸಲವೂ ಅದೇ ಹದದಲ್ಲಿ. ಗರಸು ಮಸಾರಿಯಲ್ಲಿ 2 ಮಿಮೀ ಮೇಲಿನ ಕಲ್ಲನ್ನು ತೂಗಿ ಕಳೆಯಬೇಕು, ಇಲ್ಲದಿದ್ದರೆ ಕಲ್ಲಿಗೂ ಇಂಗಾಲ ಹಂಚಿದ ಹಾಗಾಗುತ್ತದೆ.